ಎರ್ರಬಂಡೆ ಆನೆಗೆ ವಾರದ ರಜೆ

ಕಾಮಸಮುದ್ರ ಹೋಬಳಿಯ ಎರ್ರಬಂಡೆ ಮೀಸಲು ಅರಣ್ಯದ ಕಾಡಾನೆಯು ಶನಿವಾರ ಸಂಜೆ ಓಡಾಡುವುದಿಲ್ಲವೆಂಬುದು ವೈಜ್ಞಾನಿಕವಾಗಿ ಸಾಬೀತಾಗಿರುತ್ತದೆ. ಉಳಿದ ದಿನ ಅದು ದೀಪ ಹಚ್ಚುವ ಹೊತ್ತಿಗೆ ಎದ್ದು, ಕಾಡಿನ ನಟ್ಟನಡುವೆ ಒಂದೇ ಸಮ ನಡೆದು, ಯಾರಿಗೂ ತೊಂದರೆ ಕೊಡದೆ ಮಲಗುತ್ತದೆ. ಕರೆಂಟ್ ಹೋದರೆ ನಿಂತಲ್ಲೇ ನಿಲ್ಲುತ್ತದೆ. ಇಷ್ಟು ಶಿಸ್ತಿನ ಆನೆ ಬೇರೆ ಯಾವ ಜಿಲ್ಲೆಯಲ್ಲೂ ಇಲ್ಲವೆಂದು ವಾರ್ಷಿಕ ವರದಿಯಲ್ಲಿ ಬರೆದವನು ನಾನೇ. ಬಂಗಾರಪೇಟೆಯ ಅರಣ್ಯ ಸಂವೇದಕ ಜಾಲ ಕೋಶದಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕ. ಈ ಆನೆಯ ವಿಷಯವಾಗಿ ಕೆಲವರು ಹಲ್ಲು ಕಿರಿದು ಮಾತಾಡುತ್ತಿರುವುದು ನನ್ನ ಗಮನಕ್ಕೆ ಬಂದಿದೆ. ಕಿರಿಯಲಿ, ಅವರ ಹಲ್ಲು, ಅವರಿಷ್ಟ. ಆದದ್ದನ್ನು ಆದ ಹಾಗೆ ಹೇಳುವುದಷ್ಟೇ ನನ್ನ ಕೆಲಸ.

ಸಂವೇದಕ ಎಂದರೆ ಒಂದು ಡಬ್ಬಿ. ಅದನ್ನು ಮಣ್ಣಿನಲ್ಲಿ ಹೂಳುತ್ತಾರೆ. ಆನೆ ಹೆಜ್ಜೆ ಇಟ್ಟರೆ ನೆಲ ನಡುಗುತ್ತದೆ, ನಡುಗಿದ್ದು ಡಬ್ಬಿಗೆ ತಿಳಿಯುತ್ತದೆ, ಡಬ್ಬಿ ಮೊಬೈಲ್ ಸಿಗ್ನಲ್ ಹಿಡಿದು ನಮ್ಮ ಕಚೇರಿಯ ದೊಡ್ಡ ಪರದೆಗೆ ಹೇಳುತ್ತದೆ, ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಕಾಡಿನ ನಡುವೆ ಒಂದಷ್ಟು ಡಬ್ಬಿ, ಹೊಲಗಳ ಕಡೆಯ ಗಡಿಯುದ್ದಕ್ಕೂ ಒಂದಷ್ಟು ಡಬ್ಬಿ. ಗಡಿಯ ಡಬ್ಬಿ ನಡುಗಿದರೆ ಆನೆ ಹೊಲಕ್ಕೆ ಇಳಿಯಿತೆಂದು ಅರ್ಥ, ಆಗ ಕಾವಲುಗಾರರು ಪಟಾಕಿ ತುಂಬಿಕೊಂಡು ಜೀಪಿನಲ್ಲಿ ಹೋಗತಕ್ಕದ್ದು. ಇದಕ್ಕೆ ಮೊದಲು ಆ ಕಾವಲುಗಾರರು ಸಂಜೆಯಿಂದ ಬೆಳಗಿನವರೆಗೆ ಕಾಡಿನ ಅಂಚಿನಲ್ಲೇ ಕೂತು, ತಗಡು ಬಡಿದು, ಕಣ್ಣಿಗೆ ಬಿದ್ದ ಆನೆಯನ್ನು ಕೂಗಿ ಓಡಿಸುತ್ತಿದ್ದರು. ಆನೆಯೂ ಓಡುತ್ತಿತ್ತು. ಈ ಪದ್ಧತಿ ಅವೈಜ್ಞಾನಿಕವೆಂದು ತಜ್ಞರು ಅಭಿಪ್ರಾಯಪಟ್ಟರು. ಕಾಡಿನ ಯೋಜನೆಯನ್ನು ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಉದ್ಘಾಟಿಸಲಾಯಿತು. ಕಾಡಿಗೆ ಹೋಗುವ ರಸ್ತೆ ಚೆನ್ನಾಗಿಲ್ಲ.

ಯೋಜನೆಯಲ್ಲಿ ಒಂದೇ ಒಂದು ಸಣ್ಣ ತೊಡಕಿತ್ತು. ಎರ್ರಬಂಡೆ ಕಾಡಿನಲ್ಲಿ ಸಿಗ್ನಲ್ ಇರಲಿಲ್ಲ. ಕಾಡೆಂದರೆ ಟವರ್ ಇಲ್ಲದ ಜಾಗ ಎಂಬುದು ಟೆಂಡರ್ ಬರೆಯುವಾಗ ಯಾರಿಗೂ ಹೊಳೆದಿರಲಿಲ್ಲ. ಹೊಳೆಯಬೇಕೆಂಬ ನಿಯಮವೂ ಇರಲಿಲ್ಲ. ಡಬ್ಬಿಗಳು ಹೂತಲ್ಲೇ ತೆಪ್ಪಗೆ ಕೂತವು. ನಮ್ಮ ಪರದೆ ಪೂರ್ತಿ ಬೂದು ಬಣ್ಣಕ್ಕೆ ತಿರುಗಿತು. ಬೂದು ಬಣ್ಣಕ್ಕೆ ಬಿಲ್ ಪಾಸಾಗುವುದಿಲ್ಲ, ಹಸಿರಿಗೆ ಮಾತ್ರ ಎಂದು ಒಪ್ಪಂದದಲ್ಲಿ ಸ್ಪಷ್ಟವಾಗಿದೆ. ಕೋಶದ ನಿರ್ದೇಶಕರಾದ ಸುಧಾಕರ್ ಸಾಹೇಬರಿಗೆ ಊಟ ಸೇರದಾಯಿತು.

ಆಗ ದಾರಿ ತೋರಿಸಿದವನು ಗುತ್ತಿಗೆ ಕಂಪನಿಯ ಮೇಸ್ತ್ರಿ ಸೆಲ್ವರಾಜ್. ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನ್ ಮನೆಯವನು. ಅವನ ತಂದೆ ಪೆರುಮಾಳ್ ಚಿನ್ನದ ಗಣಿಯೊಳಗೆ ಇಳಿದು ದುಡಿದವರು. ಗಣಿಯಲ್ಲಿ ಒಂದು ಪದ್ಧತಿ ಇತ್ತಂತೆ. ಕೆಳಗಿಳಿಯುವ ಆಳು ತನ್ನ ನಂಬರಿನ ಹಿತ್ತಾಳೆ ಟೋಕನ್ನನ್ನು ಮೇಲೆ ಹಲಗೆಗೆ ತಗುಲಿಹಾಕಿ ಹೋಗಬೇಕು. ಟೋಕನ್ ಹಲಗೆಯ ಮೇಲಿದ್ದರೆ ಆಳು ಭೂಮಿಯೊಳಗೆ ಇದ್ದಾನೆಂದು ಲೆಕ್ಕ.

"ಸಾರ್, ನಮ್ಮಪ್ಪ ಅಷ್ಟು ಆಳದಲ್ಲಿರೋವಾಗ ಅವ್ರ ಟೋಕನ್ ಮೇಲೆ ಆರಾಮಾಗಿ ನೇತಾಡ್ತಿತ್ತು," ಅಂದ ಸೆಲ್ವರಾಜ್. "ಆಳು ಎಲ್ಲಿದ್ರೇನು ಸಾರ್, ನಂಬರ್ ಸರಿ ಇದ್ರೆ ಹಾಜರಿ ಸರಿ. ಈ ಡಬ್ಬಿಗೂ ನಂಬರ್ ಐತೆ. ಕಂಪ್ಯೂಟರ್ ಒಳಗೆ ಆ ನಂಬರ್ ಕಾಡಲ್ಲೇ ಇರ್ಲಿ. ಡಬ್ಬಿ ಮಾತ್ರ ಕಿತ್ಕೊಂಡ್ ಬಂದು ನಮ್ ಲೈನ್ ಮನೆ ಹಿಂದೆ ಹೂತಾಕ್ತೀನಿ. ಅಲ್ಲಿ ಸಿಗ್ನಲ್ ಫುಲ್ಲು."

ಸಾಹೇಬರು ಬಹಳ ಹೊತ್ತು ಯೋಚಿಸಿದರು. ಗಣಿ ಅಷ್ಟು ವರ್ಷ ಇದೇ ಪದ್ಧತಿಯಲ್ಲಿ ನಡೆದಿದ್ದರೆ ಕಾಡು ಯಾಕೆ ನಡೆಯಬಾರದು? 'ತಾತ್ಕಾಲಿಕ ತಾಂತ್ರಿಕ ಸ್ಥಳಾಂತರ' ಎಂದು ಆದೇಶವಾಯಿತು. ಮುಚ್ಚುಮರೆ ಮಾಡುವಂಥದ್ದು ಅದರಲ್ಲಿ ಏನಿದೆ, ನನಗೆ ಈಗಲೂ ತಿಳಿಯುವುದಿಲ್ಲ. ಕಾಡಿನ ನಡುವಿನ ಡಬ್ಬಿಗಳನ್ನು ಸೆಲ್ವರಾಜ್ ತನ್ನ ಹಿತ್ತಲಲ್ಲಿ ಹೂತ. ಗಡಿಯ ಡಬ್ಬಿಗಳನ್ನು ಓಣಿಯ ಆ ತುದಿಯಲ್ಲಿ, ಯಾರೂ ಓಡಾಡದ ಮುರುಕು ಕಾಂಪೌಂಡ್ ಗೋಡೆಯ ಬುಡದಲ್ಲಿ ಹೂತ. ಕಾಡಿನ ಗಡಿ ಅಂದಮೇಲೆ ಗೋಡೆ ಇದ್ದರೆ ಒಳ್ಳೆಯದಲ್ಲವೇ, ಅಷ್ಟು ಬುದ್ಧಿ ಅವನಿಗಿದೆ. ಪರದೆ ಹಸಿರಾಯಿತು, ಬಿಲ್ ಪಾಸಾಯಿತು, ಸಾಹೇಬರು ಊಟ ಮಾಡಿದರು.

ಅದೇ ದಿನ ಸಂಜೆ ಪರದೆಯ ನಟ್ಟನಡುವೆ ಕೆಂಪು ಚುಕ್ಕೆಯೊಂದು ದಡದಡನೆ ಕುಣಿಯತೊಡಗಿತು.

"ಆನೆ!" ಎಂದು ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ನನಗೆ ಮೈ ಜುಮ್ಮೆಂದಿತು. ಮೈಸೂರು ಪಾಕು ತರಿಸಿ ಹಂಚಿದೆವು. ಸೆಲ್ವರಾಜ್ ಮಾತ್ರ ಪಾಕನ್ನು ಬಾಯಿಗಿಡದೆ ನಿಂತಿದ್ದ. ಪ್ರಾಮಾಣಿಕ ಮನುಷ್ಯ.

"ಸಾರ್, ಅದು ನಮ್ ಪಕ್ಕದ್ಮನೆ ಮುನಿಗಂಗಮ್ಮಕ್ಕನ ಗ್ರೈಂಡರ್ ಸಾರ್. ಇಡ್ಲಿ ಅಂಗಡಿ ಇಟ್ಟವ್ರೆ. ನಾಳೆ ಇಡ್ಲಿಗೆ ರುಬ್ತಾವ್ರೆ."

"ಡಬ್ಬಿಯ ನಂಬರ್ ಎಲ್ಲಿದೆ?"

"ಕಾಡಲ್ಲಿ, ಸಾರ್."

"ಹಾಗಾದರೆ ನಡುಗಿದ್ದೂ ಕಾಡೇ," ಅಂದರು ಸಾಹೇಬರು. ಸೆಲ್ವರಾಜ್ ಪಾಕು ತಿಂದ.

ಇನ್ನು ಆನೆಯ ರಜೆಯ ವಿಷಯ. ಮುನಿಗಂಗಮ್ಮನ ಅಂಗಡಿಗೆ ಬರುವವರೆಲ್ಲ ಬೆಳಗಿನ ರೈಲಿಗೆ ಬೆಂಗಳೂರಿನ ಕೆಲಸಕ್ಕೆ ಹೋಗುವವರು. ಭಾನುವಾರ ಅವರಿಗೆ ರಜೆ, ಆದ್ದರಿಂದ ಆಕೆಗೂ ರಜೆ, ಆದ್ದರಿಂದ ಶನಿವಾರ ಸಂಜೆ ರುಬ್ಬುವುದಿಲ್ಲ, ಆದ್ದರಿಂದ ಆನೆ ಏಳುವುದಿಲ್ಲ. ಬೆಂಗಳೂರಿನ ಒಬ್ಬ ವಿಜ್ಞಾನಿ ಇದರ ಮೇಲೆ ಪ್ರಬಂಧ ಮಂಡಿಸಿ, ಕಾಡಾನೆಗಳಲ್ಲಿ ವಾರಾಂತ್ಯದ ಪ್ರಜ್ಞೆ ಇದೆಯೆಂದು ತೋರಿಸಿಕೊಟ್ಟಿದ್ದಾರೆ. ಬೆಳಗ್ಗೆ ಆಕೆ ಚಟ್ನಿಗೆಂದು ಒರಳಿನಲ್ಲಿ ಕುಟ್ಟುವುದು ಮರಿಯಾನೆಯೆಂದು ದಾಖಲಾಗಿದೆ. ತಾಯಿ, ಮರಿ ಎರಡೂ ಆರೋಗ್ಯವಾಗಿವೆ.

ಗಡಿಯ ಡಬ್ಬಿಗಳು ಒಂದು ದಿನವೂ ಮಿಸುಕಲಿಲ್ಲ. ಆನೆ ಹೊರಗೆ ಬರುತ್ತಲೇ ಇಲ್ಲವೆಂದ ಮೇಲೆ ಕಾಡಿನ ಅಂಚಿನಲ್ಲಿ ಕಾವಲುಗಾರರಿಗೆ ಏನು ಕೆಲಸ? ಅವರನ್ನೂ ಜೀಪನ್ನೂ ಕಚೇರಿಗೆ ಕರೆಸಿಕೊಂಡೆವು. ಪರದೆಯ ಮುಂದೆ ಬೆಂಚು ಹಾಕಿ ಕೂರಿಸಿದೆವು.

ಅದಾದ ಸ್ವಲ್ಪ ದಿನಕ್ಕೆ ಕದಿರಪ್ಪ ಎಂಬ ರೈತ ಕಚೇರಿಗೆ ಬಂದ. ಎರ್ರಬಂಡೆ ಕಾಡಿಗೆ ಆನಿಕೊಂಡೇ ಅವನ ಟೊಮೆಟೊ ತೋಟ. ಕೈಯಲ್ಲೊಂದು ಗೊಬ್ಬರದ ಚೀಲ.

"ಸಾ, ಆನೆ ದಿನಾ ಇಳೀತೈತೆ. ಟಮಾಟ ಕೀಳೋ ಟೈಮು. ನಾನೂ ನಮ್ಮೋಳೂ ಅಟ್ಟದ ಮ್ಯಾಲೆ ಕಾವ್ಲು ಕೂತ್ಕೋತೀವಿ. ನೆನ್ನೆ ನಾನು ಡೈರಿಗೆ ಆಲಾಕಕ್ಕೆ ಓಗಿದ್ದೆ, ನಮ್ಮೋಳೊಬ್ಳೇ ಇದ್ಲು. ಸೊಂಡ್ಲು ಎತ್ತಿ ಅವಳ ಸೆರಗು ಇಡ್ಕೊಂಡೈತೆ, ಸಾ! ಸೆರಗು ಅರಿದೋಗಿದ್ದಕ್ಕೆ ಜೀವ ಉಳೀತು. ಜೀಪ್ ಕಳ್ಸಿ ಸಾ, ನಿಮ್ ದಮ್ಮಯ್ಯ. ಟಮಾಟ ಓದ್ರೆ ಓಗ್ಲಿ, ಅವಳು ಉಳೀಬೇಕು."

ಅವನ ಹೆಂಡತಿಯ ಹೆಸರು ಮುನಿನಾರಾಯಣಮ್ಮ ಎಂದು ಬರೆದುಕೊಂಡೆ. ಸಾಹೇಬರು ಸಮಾಧಾನದಿಂದಲೇ ಉತ್ತರಿಸಿದರು.

"ಬಂದಿಲ್ಲಪ್ಪಾ. ಆನೆ ನಿನ್ನೆ ಸಂಜೆ ಕಾಡಿನ ನಡುವೆಯೇ ಇತ್ತು. ಪರದೆಯಲ್ಲಿದೆ."

"ಸಾ, ಲದ್ದಿ ತಂದಿವ್ನಿ, ನೋಡಿ." ಅವನು ಚೀಲ ಬಿಚ್ಚಿದ. ಕಚೇರಿಯ ತುಂಬ ವಾಸನೆ.

"ಲದ್ದಿಯನ್ನು ಸ್ವೀಕರಿಸಲು ನಮ್ಮಲ್ಲಿ ಅವಕಾಶವಿಲ್ಲ. ಅದೂ ಅಲ್ಲದೆ ಅದು ಆಂಧ್ರದ ಆನೆಯದ್ದಿರಬೇಕು. ಗಡಿ ಹತ್ತಿರವೇ ಇದೆಯಲ್ಲ. ಹೊರರಾಜ್ಯದ ಆನೆ ನಮ್ಮ ವ್ಯಾಪ್ತಿಗೆ ಬರುವುದಿಲ್ಲ."

"ನಾನು ತೆಲುಗಲ್ಲೂ ಬೈದೆ, ಕನ್ನಡದಾಗೂ ಬೈದೆ ಸಾ. ಯಾವುದ್ಕೂ ಕ್ಯಾರೆ ಅನ್ನಲಿಲ್ಲ."

"ನೋಡು, ಅನುಮಾನ ಇದ್ದರೆ ಈಗಲೇ ನೋಡು." ಸಾಹೇಬರು ಅವನನ್ನು ಪರದೆಯ ಮುಂದೆ ನಿಲ್ಲಿಸಿದರು. ಸಂಜೆಯಾಗಿತ್ತು, ಚುಕ್ಕೆ ಕುಣಿಯುತ್ತಿತ್ತು. ಕದಿರಪ್ಪ ಬಾಯಿ ಬಿಟ್ಟುಕೊಂಡು ನೋಡಿದ. ಅಷ್ಟರಲ್ಲಿ ಚುಕ್ಕೆ ಗಕ್ಕನೆ ನಿಂತಿತು. ಕೋರಮಂಡಲ್ ಕಡೆ ಕರೆಂಟ್ ಹೋಯಿತೆಂದು ನಾನು ಹೇಳಿದೆ, ಯಾಕೆಂದರೆ ಅದು ನಿಜ.

"ಕೋರಮಂಡಲ್‌ನಾಗೆ ಕರೆಂಟ್ ಓದ್ರೆ ನಮ್ ಕಾಡಲ್ಲಿ ಆನೆ ಯಾಕ್ ನಿಂತ್ಕೋತೈತೆ ಸಾ?"

"ಆನೆಗಳು ಬಹಳ ಸೂಕ್ಷ್ಮ ಪ್ರಾಣಿಗಳು," ಅಂದರು ಸಾಹೇಬರು. "ಗಡಿಯ ಡಬ್ಬಿ ನಡುಗಲಿ, ಮರುಕ್ಷಣ ಜೀಪ್ ಕಳಿಸುತ್ತೇನೆ. ನಡುಗದೆ ಕಳಿಸಿದರೆ ನನ್ನ ಕೆಲಸ ಹೋಗುತ್ತದೆ."

ಕದಿರಪ್ಪ ದಡ್ಡನಲ್ಲ. ಹೊರಗೆ ಟೀ ಅಂಗಡಿಯಲ್ಲಿ ಸಿಕ್ಕಿದ ಸೆಲ್ವರಾಜ್‌ನನ್ನು ಕೇಳಿದ, ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಮರುದಿನ ನಾನು ಆನೆಯ ವಾರದ ತಪಾಸಣೆಗೆಂದು ಕೋರಮಂಡಲ್‌ನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಕದಿರಪ್ಪ ಅಲ್ಲಿಗೇ ಬಂದ. ಗ್ರೈಂಡರನ್ನು ಒಂದು ಸುತ್ತು ಹಾಕಿ ನೋಡಿದ. ಕೈ ಮುಗಿದನೋ ಏನೋ, ನನಗೆ ಹಾಗೇ ಕಂಡಿತು. ಆಮೇಲೆ ಮುನಿಗಂಗಮ್ಮನ ಮುಂದೆ ಕೂತು ಸೆರಗಿನ ಕಥೆಯನ್ನೆಲ್ಲ ಹೇಳಿಕೊಂಡ.

"ಅಯ್ಯಯ್ಯೋ ಸಾಮೀ!" ಎಂದು ಮುನಿಗಂಗಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. "ನಾನ್ ಇಲ್ಲಿ ಉದ್ದು ರುಬ್ಬಿದ್ರೆ ಅಲ್ಲಿ ಒಂದು ಎಣ್ಣು ಸಾಯ್ಬೇಕಾ? ಏನ್ ಮಾಡ್ಬೇಕು ಏಳಣ್ಣ, ನಿಲ್ಸಿಬಿಡ್ಲಾ?"

"ನಿಲ್ಸಬ್ಯಾಡ ಅಕ್ಕಾ. ನಿಲ್ಸಿದ್ರೆ ಆನೆ ಮಲಗೈತೆ ಅಂತಾರೆ. ಆ ಮುರುಕು ಗೋಡೆ ತಾವ ತಗೊಂಡೋಗಿ ರುಬ್ಬು. ಅದು ನಮ್ ತೋಟದ ಗಡಿ."

ಸಂಜೆಯಾಗುತ್ತಲೇ ಆಕೆ ಗ್ರೈಂಡರಿನ ಪ್ಲಗ್ ಕಿತ್ತಳು. ಸೆಲ್ವರಾಜ್ ಉದ್ದನೆಯ ವೈರ್ ಎಳೆದುಕೊಟ್ಟ. ಮೂವರೂ ಸೇರಿ ಗ್ರೈಂಡರನ್ನು ಗೋಣಿಯ ಮೇಲಿಟ್ಟು ಓಣಿಯುದ್ದಕ್ಕೂ ಎಳೆದು ಗೋಡೆಯ ಬುಡಕ್ಕೆ ತಂದು ಸ್ವಿಚ್ ಒತ್ತಿದರು. ಕೋಶದ ಇತಿಹಾಸದಲ್ಲೇ ಮೊದಲ ಬಾರಿಗೆ ಆನೆ ಗಡಿ ದಾಟಿತು.

ಕಚೇರಿಯಲ್ಲಿ ಸೈರನ್ ಹೊಡೆಯಿತು. ಬೆಂಚಿನ ಮೇಲೆ ತೂಕಡಿಸುತ್ತಿದ್ದ ಕಾವಲುಗಾರರು ದಡಬಡಿಸಿ ಎದ್ದು ಜೀಪ್ ಹತ್ತಿದರು. ತೋಟಕ್ಕೆ ಹೋದರೆ ನಿಜಕ್ಕೂ ಆನೆ ನಿಂತಿದೆ! ಪಟಾಕಿ ಹೊಡೆದರು, ಆನೆ ಕಾಡಿಗೆ ಹೋಯಿತು, ಮುನಿನಾರಾಯಣಮ್ಮ ಅಟ್ಟದಿಂದ ಇಳಿದು ಎಲ್ಲರಿಗೂ ಟೀ ಕಾಯಿಸಿಕೊಟ್ಟಳು. ಮಾರನೆಯ ಸಂಜೆಯೂ ಗ್ರೈಂಡರ್ ಗೋಡೆಗೆ ಹೋಯಿತು, ಜೀಪ್ ತೋಟಕ್ಕೆ ಹೋಯಿತು. ಅದರ ಮಾರನೆಯ ಸಂಜೆಯೂ ಅಷ್ಟೇ. ವ್ಯವಸ್ಥೆ ಇಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಆಗಲೇ ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತ್ತು.

ಎಡವಟ್ಟು ಬೆಂಗಳೂರಿನಿಂದ ಬಂತು. 'ಗಡಿ ದಾಟಿದ ಆನೆ: ಸೊನ್ನೆ' ಎಂಬ ಸಾಧನೆಗಾಗಿ ಸಾಹೇಬರ ಹೆಸರು ಪ್ರಶಸ್ತಿಗೆ ಹೋಗಿತ್ತು. ಈಗ ನೋಡಿದರೆ ಆನೆ ದಿನವೂ ದಾಟುತ್ತಿದೆ. ಪರಿಶೀಲನಾ ಸಮಿತಿಯೊಂದು ಕಾರಿನಲ್ಲಿ ಬಂದು, ಪರದೆಯನ್ನು ನೋಡಿ, ಬಂಗಾರಪೇಟೆಯ ಪಾನಿಪುರಿ ತಿಂದು, ಆನೆಯ ನಡತೆ ತೃಪ್ತಿಕರವಾಗಿಲ್ಲವೆಂದು ಹೇಳಿ ಹೋಯಿತು. ಕಾಡಿಗೆ ಹೋಗಲು ಸಮಯ ಸಾಲಲಿಲ್ಲ. ಪಾನಿಪುರಿ ಅಂಗಡಿಯಲ್ಲಿ ಬಹಳ ರಶ್ ಇತ್ತು.

ಸಾಹೇಬರು ಪ್ರಕಟಣೆ ಹೊರಡಿಸಿದರು. ಅದನ್ನು ಟೈಪ್ ಮಾಡಿದ್ದು ನಾನೇ ಆದ್ದರಿಂದ ಬಾಯಿಪಾಠವಾಗಿದೆ:

"ಕೋರಮಂಡಲ್ ಲೈನ್ ಮನೆಯ ಸದರಿ ಗ್ರೈಂಡರನ್ನು (ಇನ್ನು ಮುಂದೆ 'ಆನೆ' ಎಂದು ಕರೆಯತಕ್ಕದ್ದು) ಯಾರೂ ಎಳೆಯುವುದಾಗಲಿ, ಹೊರುವುದಾಗಲಿ, ಗಡಿಯ ಕಡೆಗೆ ಮುಖ ಮಾಡಿಸುವುದಾಗಲಿ ಮಾಡಕೂಡದು. ಹಾಗೆ ಮಾಡಿದ್ದು ಕಂಡುಬಂದಲ್ಲಿ ಕಾಡುಪ್ರಾಣಿಯನ್ನು ಅಕ್ರಮವಾಗಿ ಸಾಗಿಸಿದರೆಂದು ಪರಿಗಣಿಸಲಾಗುವುದು. ಆನೆಯ ಸುರಕ್ಷತೆಯ ದೃಷ್ಟಿಯಿಂದ ಅದನ್ನು ಅದರ ಸಹಜ ಆವಾಸದಲ್ಲಿಯೇ ಕಾಂಕ್ರೀಟ್ ಹಾಕಿ ಕೂರಿಸತಕ್ಕದ್ದು."

ಗಾರೆಯವರು ಬಂದು ಗ್ರೈಂಡರಿನ ಕಾಲಿಗೆ ಕಾಂಕ್ರೀಟ್ ಹಾಕಿದರು. ಸುತ್ತ ಹಸಿರು ಬಣ್ಣದ ಕಬ್ಬಿಣದ ಬೇಲಿ. 'ಆನೆಗೆ ಕೀಟಲೆ ಮಾಡಬೇಡಿ' ಎಂಬ ಬೋರ್ಡು. ಮುನಿಗಂಗಮ್ಮ ಹಿಟ್ಟು ತೆಗೆಯಬೇಕಾದರೆ ಬೇಲಿ ದಾಟಿ ಹೋಗಬೇಕು, ಅದಕ್ಕೊಂದು ಪಾಸು ಮಾಡಿಕೊಟ್ಟೆವು. ಕೃತಜ್ಞತೆ ಎಂಬುದು ಈಗಿನ ಕಾಲದಲ್ಲಿ ಇಲ್ಲ. ಆಕೆ ಪಾಸನ್ನು ಒಲೆಗೆ ಹಾಕಿದಳು.

ಆ ವಾರವೇ ತೋಟಕ್ಕೆ ಆನೆ ಬಂತು. ಜೀಪ್ ಬರಲಿಲ್ಲ. ಟೊಮೆಟೊ ಎಲ್ಲ ಕೆಂಪು ಕೆಸರಾಯಿತು, ಅಟ್ಟದ ಒಂದು ಕಂಬ ಮುರಿದು ಮುನಿನಾರಾಯಣಮ್ಮ ಕೆಳಗೆ ಬಿದ್ದಳು. ಭುಜಕ್ಕೆ ಪೆಟ್ಟಾಯಿತು, ಜೀವಕ್ಕೇನೂ ಆಗಲಿಲ್ಲ. ಆನೆ ಇಲ್ಲದ ಕಡೆ ಆನೆಯಿಂದ ಪೆಟ್ಟಾಗುವುದು ಸಾಧ್ಯವಿಲ್ಲವಾದ್ದರಿಂದ ಮೆಟ್ಟಿಲಿನಿಂದ ಜಾರಿ ಬಿದ್ದಳೆಂದು ನಮೂದಿಸಿದೆವು. ಅವರ ಮನೆಗೆ ಮೆಟ್ಟಿಲಿಲ್ಲವೆಂದು ಕದಿರಪ್ಪ ತಕರಾರು ಎತ್ತಿದ. ಮೆಟ್ಟಿಲು ಕಟ್ಟಿಸಿಕೊಳ್ಳಲು ಅರ್ಜಿ ಹಾಕೆಂದು ಸಲಹೆ ಕೊಟ್ಟೆ.

ಸುದ್ದಿ ಕೇಳಿದ ಮುನಿಗಂಗಮ್ಮ ಮಾರನೆಯ ದಿನ ನನಗೆ ಇಡ್ಲಿ ಹಾಕಲಿಲ್ಲ.

"ನಿಮ್ ಬಾಯಿಗೆ ಮಣ್ಣಾಕ! ಇನ್ನು ಈ ಕಲ್ಲನ್ನ ಮುಟ್ಟಲ್ಲ ನಾನು. ಆಂಡರ್ಸನ್‌ಪೇಟೆಯಿಂದ ಹಿಟ್ಟಿನ ಪಾಕೀಟು ತಂದು ಇಡ್ಲಿ ಮಾಡ್ತೀನಿ. ನಿಮ್ ಆನೇನ ನೀವೇ ಮೇಯ್ಸ್ಕೊಳ್ಳಿ, ಓಗಿ!"

ಅವತ್ತು ಸಂಜೆ ಚುಕ್ಕೆ ಕುಣಿಯಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಮರಿಯಾನೆ ಬೆಳಗ್ಗೆ ಒಬ್ಬೊಂಟಿಯಾಗಿ ಓಡಾಡುತ್ತಿದ್ದುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಪತ್ರಿಕೆಯಲ್ಲಿ 'ಎರ್ರಬಂಡೆ ಆನೆ ಸಾವು?' ಎಂದು ಬಂತು. ಬೆಂಗಳೂರಿನಿಂದ ಮರಣೋತ್ತರ ಪರೀಕ್ಷೆಯ ವರದಿ ಕೇಳಿದರು. ಸಾಹೇಬರ ಊಟ ಮತ್ತೆ ನಿಂತಿತು. ಕೊನೆಗೆ, ಆನೆ ಸತ್ತಿಲ್ಲ, ಸಿಬ್ಬಂದಿಯ ಕೊರತೆಯಿಂದ ಸ್ಥಗಿತಗೊಂಡಿದೆ ಎಂದು ಉತ್ತರ ಬರೆದರು. ಬೆಂಗಳೂರಿಗೆ ಅರ್ಥವಾಗುವ ಕಾರಣ ಅದು. ಕೂಡಲೇ 'ಆನೆ ಚಾಲಕ' ಎಂಬ ದಿನಗೂಲಿ ಹುದ್ದೆ ಮಂಜೂರಾಯಿತು.

ಅನುಕಂಪದ ಆಧಾರದ ಮೇಲೆ ಹುದ್ದೆಯನ್ನು ಕದಿರಪ್ಪನಿಗೆ ಕೊಟ್ಟೆವು. ಟೊಮೆಟೊ ಹೋಗಿತ್ತು, ಅವರೆ ಬಿತ್ತಿದ್ದ, ಕಾಯಿ ಬಿಡಲು ಇನ್ನೂ ದಿನ ಬೇಕಿತ್ತು. ಅವನು ಮೊದಲು ಒಲ್ಲೆ ಅಂದ. ನಮ್ಮೋಳು ಒಬ್ಳೇ ಆಗ್ತಾಳೆ ಅಂದ. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟರು.

"ಹೊರಗಿನವನು ಹೇಳಿದರೆ ಯಾರು ಕೇಳುತ್ತಾರಪ್ಪಾ? ಒಳಗೆ ಬಾ. ಆನೆ ನಿನ್ನ ಕೈಯಲ್ಲೇ ಇರುತ್ತದೆ."

ಮೊದಲ ಸಂಜೆ ಅವನು ಸ್ವಿಚ್ ಒತ್ತಿದ. ಮುನಿಗಂಗಮ್ಮ ಮುಖ ತಿರುಗಿಸಿಕೊಂಡಳು. ಆದರೆ ಇಲಾಖೆಯೇ ಉದ್ದು, ಅಕ್ಕಿ ಒದಗಿಸುತ್ತಿತ್ತು, ರುಬ್ಬಿದ ಹಿಟ್ಟನ್ನು ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಸ್ವಲ್ಪ ದಿನಕ್ಕೆ ಆಕೆ ಅದರಲ್ಲೇ ಇಡ್ಲಿ ಹಾಕತೊಡಗಿದಳು, ನನಗೂ ಬಡಿಸಿದಳು. ಕದಿರಪ್ಪನಿಗೆ ಖಾಕಿ ಅಂಗಿ ಬಂತು. ಅವನು ಅದನ್ನು ಒಗೆದು ಇಸ್ತ್ರಿ ಮಾಡಿ ಹಾಕಿಕೊಳ್ಳುವುದನ್ನು ಕಲಿತ. ಸಂಜೆ ಬಸ್ಸಿನಲ್ಲಿ ಬಂದು ಬೇಲಿಯ ಒಳಗೆ ಸ್ಟೂಲ್ ಹಾಕಿ ಕೂತರೆ, ಹತ್ತಿರ ಬಂದ ಮಕ್ಕಳನ್ನು "ಏಯ್, ಆನೆ ಐತೆ, ದೂರ ಓಗ್ರೋ!" ಎಂದು ಗದರಿಸುವಷ್ಟಾದ. ಬಸ್ಸಿನಲ್ಲಿ ಯಾರಾದರೂ ಎರ್ರಬಂಡೆ ಕಡೆ ಆನೆ ಕಾಟ ಅಂದರೆ ಅವರ ಜೊತೆ ಜಗಳಕ್ಕೆ ಬೀಳುತ್ತಿದ್ದನಂತೆ. ಸಾಹೇಬರಿಗೆ ಪ್ರಶಸ್ತಿ ಬಂತು. ಫೋಟೋದಲ್ಲಿ ಕದಿರಪ್ಪನೂ ಇದ್ದಾನೆ, ಎಡಗಡೆ.

ಮೊನ್ನೆ ನಾನು ತಪಾಸಣೆಗೆ ಹೋದಾಗ ಆನೆ ಚೆನ್ನಾಗಿ ನಡೆಯುತ್ತಿತ್ತು. ಉದ್ದು ನುಣ್ಣಗಾಗುತ್ತಾ ಬಂದಿತ್ತು. ಅಷ್ಟರಲ್ಲಿ ಕದಿರಪ್ಪನ ಫೋನ್ ಹೊಡೆದುಕೊಂಡಿತು. ಗ್ರೈಂಡರ್ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ಅವನು ಸ್ಪೀಕರ್ ಹಾಕಿದ. ಮುನಿನಾರಾಯಣಮ್ಮ, ಅವರೆ ತೋಟದ ಅಟ್ಟದ ಮೇಲಿಂದ.

"ಏನ್ ಇವ್ನೇ, ಆನೆ ಬಂದೈತೆ! ಅಟ್ಟದ ಕಂಬಕ್ಕೆ ಮೈ ಉಜ್ತಾ ಐತೆ! ಜೀಪ್ ಕಳ್ಸು, ಬೇಗ ಕಳ್ಸು!"

ಕದಿರಪ್ಪ ಗ್ರೈಂಡರಿನ ಕಡೆ ನೋಡಿದ. ಆಮೇಲೆ ಅಂಗಿಯ ಗುಂಡಿ ಸರಿಮಾಡಿಕೊಂಡ.

"ಕಿರಚಬ್ಯಾಡ ಕಣೇ. ಆನೆ ಇಲ್ಲೇ ಐತೆ, ನನ್ ಕಣ್ಮುಂದೆ. ನಡೀತಾ ಐತೆ. ಸಾಹೇಬ್ರ ಆಪೀಸ್‌ನೋರೂ ಇಲ್ಲೇ ಅವ್ರೆ, ನೋಡ್ತಾವ್ರೆ."

ಆ ಕಡೆ ಕಂಬ ಕಿರಗುಟ್ಟುವುದು ಕೇಳಿಸುತ್ತಿತ್ತು. ಮುನಿಗಂಗಮ್ಮ ಇಡ್ಲಿ ತಟ್ಟೆ ತೊಳೆಯುವುದನ್ನು ನಿಲ್ಲಿಸಿದಳು.

"ಅಂಗಾದ್ರೆ ಇದು ಆನೆ ಅಲ್ವಾ?" ಎಂದು ಕೇಳಿದಳು ಮುನಿನಾರಾಯಣಮ್ಮ. ದನಿ ತಗ್ಗಿತ್ತು. ಗಂಡ ಇಲಾಖೆಯಲ್ಲಿದ್ದಾನೆ, ಅವನಿಗೆ ಗೊತ್ತಿರದೆ ಇರುತ್ತದೆಯೇ.

"ಅಲ್ಲ."

"ಮತ್ತೆ ನಾನು ಕೆಳಗಿಳೀಲಾ?"

ಕದಿರಪ್ಪ ನನ್ನ ಮುಖ ನೋಡಿದ. ನಾನು ಮೊಬೈಲಿನಲ್ಲಿ ಪರದೆ ತೆಗೆದು ನೋಡಿದೆ. ಗಡಿಯುದ್ದಕ್ಕೂ ಹಸಿರು. ಇಳಿಯಬಹುದು ಎಂದು ತಲೆಯಾಡಿಸಿದೆ.

"ಇಳಿ," ಅಂದ ಕದಿರಪ್ಪ.